ಇಂಜಿನಿಯರ್ ಗ್ರುದೆವ್ ಅವರ ಒಂಬತ್ತನೆಯ ದಿನ

ಅಕ್ಟೋಬರ್ ಬಂತೆಂದರೆ ಸೋಫಿಯಾ ಶಹರದ ಮಂದಿಗೆ ಎರಡು ಕೆಲಸ. ಒಂದು, ಚಳಿಗಾಲಕ್ಕೆ ಕೆಂಪು ದೊಣ್ಣೆಮೆಣಸನ್ನು ಸುಟ್ಟು ಸಿಪ್ಪೆ ಸುಲಿದು ಭರಣಿಗೆ ತುಂಬುವುದು. ಇನ್ನೊಂದು, ಮೇಯರನ್ನು ಆರಿಸುವುದು. ಮೊದಲನೆಯದು ವರ್ಷ ವರ್ಷವೂ ಬರುತ್ತದೆ, ಎರಡನೆಯದು ನಾಲ್ಕು ವರ್ಷಕ್ಕೊಮ್ಮೆ. ಮೊದಲನೆಯದರಲ್ಲಿ ಕೊಳೆತದ್ದನ್ನು ಹೆಕ್ಕಿ ಆಚೆ ಎಸೆಯಬಹುದು. ಎರಡನೆಯದರಲ್ಲಿ ಬುಟ್ಟಿಗೆ ಬಂದದ್ದನ್ನೇ ಉಣ್ಣಬೇಕು. ಹೀಗಿರುವಾಗ ನಲವತ್ತೇಳನೆಯ ಬ್ಲಾಕಿನ ಜನ ಮೆಣಸಿಗೆ ತೋರಿಸಿದಷ್ಟು ಶ್ರದ್ಧೆಯನ್ನು ಮೇಯರಿಗೆ ತೋರಿಸಲಿಲ್ಲವೆಂದರೆ ಅವರನ್ನು ದೂರುವಂತಿಲ್ಲ.

ಆ ಬ್ಲಾಕಿಗೆ ನಾಲ್ಕು ಬಾಗಿಲು, ಬಾಗಿಲಿಗೊಂದು ಬೇರೆ ಮೆಟ್ಟಿಲು. ಮೂರನೆಯ ಬಾಗಿಲಿಗೆ ಎಂಟು ಮಹಡಿ, ಇಪ್ಪತ್ತನಾಲ್ಕು ಮನೆ, ಒಂದು ಲಿಫ್ಟು, ಒಬ್ಬ ಮುಖ್ಯಸ್ಥ. ಮುಖ್ಯಸ್ಥನ ಹೆಸರು ಮಿಂಚೊ ದ್ರಗ್ನೆವ್. ಬೇರೆ ಯಾರೂ ಆ ಕೆಲಸಕ್ಕೆ ಒಪ್ಪದ ಕಾರಣ ಹನ್ನೊಂದು ವರ್ಷಗಳಿಂದ ಅವನೇ ಒಮ್ಮತದಿಂದ ಆರಿಸಿ ಬರುತ್ತಿದ್ದ. ಟ್ರಾಮ್ ಡಿಪೋದಲ್ಲಿ ಗಾಲಿ ತಟ್ಟಿ ನೋಡುವ ಕೆಲಸದಿಂದ ನಿವೃತ್ತನಾದ ಮೇಲೆ ಅವನಿಗೆ ಉಳಿದ ಅಧಿಕಾರವೆಂದರೆ ಇದೊಂದೇ. ಮೆಟ್ಟಿಲಿನ ಬಲ್ಬು ಹೋದರೆ ಹಾಕಬೇಕು, ಲಿಫ್ಟು ನಿಂತರೆ ಒದೆಯಬೇಕು. ಇವೆರಡಕ್ಕಿಂತ ದೊಡ್ಡದು ಮೂರನೆಯದು: ಯಾರಾದರೂ ತೀರಿಕೊಂಡರೆ ಎಲ್ಲರಿಗೂ ತಿಳಿಸಬೇಕು.

ಸತ್ತವರ ಮನೆಯವರು ಕೆಳಗಿನ ಬಾಗಿಲಿಗೆ ಸಾವಿನ ಚೀಟಿ ಅಂಟಿಸುತ್ತಾರೆ. ಕಪ್ಪು ಅಂಚು, ನಡುವೆ ಕಪ್ಪುಬಿಳುಪು ಫೋಟೊ, ಕೆಳಗೆ ನಾಲ್ಕು ಸಾಲು. ಅದನ್ನು ಎಲ್ಲರಿಗಿಂತ ಮೊದಲು ಓದಿ, ಮುಖ ಸಣ್ಣದು ಮಾಡಿಕೊಂಡು, ಮನೆಮನೆಯ ಗಂಟೆ ಒತ್ತುವ ಹಕ್ಕು ತನ್ನದೆಂದು ಮಿಂಚೊ ನಂಬಿದ್ದ. ಹಿಂದೊಮ್ಮೆ ಐದನೆಯ ಮಹಡಿಯ ಕ್ಷೌರಿಕ ಸತ್ತ ಸುದ್ದಿಯನ್ನು ನೆಲಮಹಡಿಯ ನೇದಾ ಅಜ್ಜಿ ತನಗಿಂತ ಅರ್ಧ ಗಂಟೆ ಮೊದಲೇ ಹೇಳಿಬಿಟ್ಟಳೆಂದು ಎರಡು ವಾರ ಅವಳ ಜೊತೆ ಮಾತು ಬಿಟ್ಟಿದ್ದ.

ಇನ್ನು ಅವನ ಅಕ್ರೋಟದ ಮರದ ವಿಷಯ. ಮದುವೆಯಾಗಿ ಈ ಮನೆಗೆ ಬಂದ ವರ್ಷ ಅವನು ತನ್ನ ಹಳ್ಳಿಯಿಂದ ಒಂದು ಸಸಿಯನ್ನು ಬಕೆಟ್ಟಿನಲ್ಲಿಟ್ಟುಕೊಂಡು, ರೈಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದು ಬ್ಲಾಕಿನ ಹಿಂದೆ ನೆಟ್ಟಿದ್ದ. ನೆಟ್ಟ ಸುದ್ದಿ ಕೇಳಿ ಅವನ ತಾಯಿ ಅತ್ತಳು. ಅಕ್ರೋಟ ನೆಟ್ಟವನು, ಅದರ ಕಾಂಡ ತನ್ನ ಸೊಂಟದಷ್ಟು ದಪ್ಪವಾದ ದಿನ ಸಾಯುತ್ತಾನೆಂದು ಅವರ ಕಡೆ ಮಾತು. ಅದಕ್ಕೇ ಅದನ್ನು ನೆಡುವವರು ಮುದುಕರು. ಮಿಂಚೊನಿಗೆ ಆಗ ಇಪ್ಪತ್ತಾರು. ಅಂದಿನಿಂದ ಪ್ರತಿ ಮಾರ್ಚಿನಲ್ಲಿ ಅವನು ಒಂದು ದಾರ ತಂದು ಮೊದಲು ಮರವನ್ನು, ಆಮೇಲೆ ತನ್ನನ್ನು ಅಳೆದುಕೊಳ್ಳುತ್ತಿದ್ದ. ಮರಕ್ಕೆ ಸೋಲಬಾರದೆಂದು ಹೆಂಡತಿ ಸ್ಟೊಯ್ಕಾ ಬಡಿಸಿದ್ದನ್ನೆಲ್ಲ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದ. ಮೂವತ್ತೆಂಟು ವರ್ಷ ಹೀಗೆ ಪೈಪೋಟಿ ನಡೆದು, ಕೊನೆಗೆ ಮೂರು ವರ್ಷದ ಹಿಂದೆ ಮರ ಗೆದ್ದಿತು. ಮಿಂಚೊ ಸಾಯಲಿಲ್ಲ. "ಮರ ಒಂದು ಜೀವ ಕಾಯ್ತಾ ಇದೆ, ಯಾರದು ಅಂತ ಗೊತ್ತಿಲ್ಲ," ಎಂದು ನೇದಾ ಅಜ್ಜಿ ಆಗಾಗ ನೆನಪಿಸುತ್ತಿದ್ದಳು.

ಸೆಪ್ಟೆಂಬರ್ ಕೊನೆಯಲ್ಲಿ ಆ ಮರದ ಬುಡಕ್ಕೆ ದಪ್ಪ ಮೀಸೆಯ ಇಂಜಿನಿಯರ್ ವೆಲಿಜಾರ್ ಗ್ರುದೆವ್ ಬಂದರು. ಮೇಯರ್ ಸ್ಥಾನಕ್ಕೆ ನಿಂತಿದ್ದ ಹತ್ತೊಂಬತ್ತು ಮಂದಿಯಲ್ಲಿ ಅವರದು ಹದಿನೇಳನೆಯ ಹೆಸರು. ಜನಾಭಿಪ್ರಾಯದ ಸಮೀಕ್ಷೆಯಲ್ಲಿ ಅವರಿಗೆ ನೂರಕ್ಕೆ ಒಂದು ಸಿಕ್ಕಿತ್ತು, ಆ ಒಂದೂ ಅವರ ಬೀಗರ ಕಡೆಯದೆಂದು ಜನ ಹೇಳುತ್ತಿದ್ದರು. ಟೀವಿಯವರು ಕರೆಯದ ಕಾರಣ ಅವರು ಬ್ಲಾಕು ಬ್ಲಾಕು ಸುತ್ತುತ್ತಿದ್ದರು. ಅಳತೆಯ ಪಟ್ಟಿ ಹಿಡಿದು ನೆಲ ಅಳೆದು, "ಇಲ್ಲಿ ಮೂವತ್ತೆರಡು ಕಾರು ನಿಲ್ಲಿಸೋ ಜಾಗ ಮಾಡ್ತೀನಿ. ಮೊದಲು ಈ ಮರ ಹೋಗ್ಬೇಕು," ಎಂದು ಕಾಂಡದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಅಡ್ಡಗೀಟು ಎಳೆದರು.

ನಾಲ್ಕನೆಯ ಮಹಡಿಯ ಟ್ಯಾಕ್ಸಿ ಡ್ರೈವರ್ ರಾಂಗೆಲ್ ಚಪ್ಪಾಳೆ ತಟ್ಟಿದ. ಟ್ಯಾಕ್ಸಿ ನಿಲ್ಲಿಸಲು ದಿನಾ ಮೂರು ಸುತ್ತು ಹೊಡೆಯುವ ಮನುಷ್ಯ, ತಟ್ಟದೆ ಏನು ಮಾಡಿಯಾನು? ಮಿಂಚೊ ಬಾಲ್ಕನಿಯಲ್ಲಿ ಮೆಣಸು ಸುಡುತ್ತಿದ್ದವನು ಇಕ್ಕಳ ಎತ್ತಿ ಹಿಡಿದು ಮೂರನೆಯ ಮಹಡಿಯಿಂದ ಕೂಗಿದ:

"ಏ ಇಂಜಿನಿಯರ್ರೇ! ಈ ಮರದ ಕಾಯಿ ಉದುರೋದನ್ನ ನೋಡೋಕೆ ನೀವು ಉಳೀದೇ ಹೋಗಿ!"

ಹಳ್ಳಿಯ ಬೈಗುಳ, ಬಾಯಿಗೆ ಬಂತು, ಹೋಯಿತು. ಆದರೆ ಇಪ್ಪತ್ತನಾಲ್ಕು ಮನೆಯವರೂ ಕೇಳಿಸಿಕೊಂಡರು.

ಹತ್ತು ದಿನದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಮಿಂಚೊ ಮೆಣಸಿನ ಸಿಪ್ಪೆಯ ಬಕೆಟ್ಟು ಹಿಡಿದು ಕೆಳಗಿಳಿದ. ಕನ್ನಡಕ ಕಣ್ಣಿನ ಮೇಲಿರಲಿಲ್ಲ. ಸುಟ್ಟ ಮೆಣಸಿನ ರಸ ಮೆತ್ತಿ ಮಬ್ಬಾಗಿತ್ತೆಂದು ಜೇಬಿಗೆ ಹಾಕಿಕೊಂಡಿದ್ದ. ಕೆಳಗಿನ ಬಾಗಿಲಿನ ಗಾಜಿನ ಮೇಲೆ ಹೊಸ ಚೀಟಿ. ಕಪ್ಪು ಅಂಚು. ನಡುವೆ ಫೋಟೊ. ಮೂಗಿನ ತುದಿ ಗಾಜಿಗೆ ತಾಗುವಂತೆ ಬಗ್ಗಿ ನೋಡಿದ. ಅದೇ ಮುಖ, ಅದೇ ಮೀಸೆ. ಮೊದಲ ಎರಡು ಸಾಲು ದಪ್ಪ ಅಕ್ಷರದಲ್ಲಿದ್ದವು, ಓದಲು ಬಂತು: "ಇಂಜಿನಿಯರ್ ವೆಲಿಜಾರ್ ಗ್ರುದೆವ್. ಬದುಕನ್ನೆಲ್ಲ ಈ ಶಹರಕ್ಕೆ ಮುಡಿಪಿಟ್ಟವರು."

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೆರಡು ಸಾಲು ಇದ್ದವು: "ಮೇಯರ್ ಸ್ಥಾನಕ್ಕೆ ನಿಮ್ಮ ಅಭ್ಯರ್ಥಿ. ಚುನಾವಣೆಯ ದಿನ ಮರೆಯದೆ ಬನ್ನಿ." ಗ್ರುದೆವ್ ಕಡೆಯವರು ಪ್ರಚಾರದ ಕಾಗದ ಮಾಡಿಸಿದ್ದು ಆಸ್ಪತ್ರೆಯ ಎದುರಿನ ಪುಟ್ಟ ಅಂಗಡಿಯಲ್ಲಿ. ಆ ಅಂಗಡಿಯವನು ಮೂವತ್ತು ವರ್ಷದಿಂದ ಒಂದೇ ಬಗೆಯ ಕಾಗದ ಮುದ್ರಿಸಿ ಬಂದವನು, ಕೈಗೆ ಬಂದ ಅಚ್ಚಿನಲ್ಲೇ ಇದನ್ನೂ ಹೊಡೆದಿದ್ದ. ಇದು ಮಿಂಚೊನಿಗೆ ತಿಳಿಯುವ ಬಗೆ ಹೇಗೆ? ಅವನು ಬಕೆಟ್ಟನ್ನು ಅಲ್ಲೇ ಬಿಟ್ಟು, ಲಿಫ್ಟನ್ನೂ ಮರೆತು, ಮೂರು ಮಹಡಿ ಓಡಿ ಹತ್ತಿದ.

"ಸ್ಟೊಯ್ಕಾ, ನಾನು ಆ ಮನುಷ್ಯನನ್ನ ಕೊಂದುಬಿಟ್ಟೆ!"

ಸ್ಟೊಯ್ಕಾ ಭರಣಿಯ ಮುಚ್ಚಳ ಬಿಗಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಯಾವ ಮನುಷ್ಯನನ್ನ? ಬಕೆಟ್ ಎಲ್ಲಿ?"

"ಮೀಸೆ ಇಂಜಿನಿಯರ್! ಹೋಗ್ಬಿಟ್ಟ. ಚೀಟಿ ಬಿದ್ದಿದೆ."

"ಸರಿಯಾಗಿ ಓದಿದ್ಯಾ?"

"ಹನ್ನೊಂದು ವರ್ಷದಿಂದ ಓದ್ತಾ ಇದೀನಿ. ಸಾವಿನ ಚೀಟಿ ಓದೋಕೆ ನಂಗೆ ಹೇಳ್ಕೊಡ್ತೀಯಾ?"

ಮಿಂಚೊ ಸತ್ತವರ ವಿಷಯದಲ್ಲಿ ಮರ್ಯಾದೆ ತಪ್ಪುವವನಲ್ಲ. ಪೆಟ್ಟಿಗೆಯಿಂದ ಕಪ್ಪು ರಿಬ್ಬನ್ನು ತೆಗೆದ, ದೊಡ್ಡ ಗಂಟು ಕಟ್ಟಿದ, ಕಿಟಕಿಯ ಕುಂಡದಿಂದ ಒಂದು ಹೂವು ಕಿತ್ತ. ಕೆಳಗೆ ಹೋಗಿ ಎರಡನ್ನೂ ಆ ಕಾಗದದ ತಳಕ್ಕೆ ಅಂಟಿಸಿದ. ಅದರೊಂದಿಗೆ ಕೆಳಗಿನ ಎರಡು ಸಾಲೂ ಮುಚ್ಚಿಹೋದವು. ಇನ್ನು ಕನ್ನಡಕ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಉಳಿಯಲಿಲ್ಲ.

ನೇದಾ ಅಜ್ಜಿ ಕೈಚೀಲ ಹಿಡಿದು ಹೊರಗೆ ಬಂದಳು, ನೋಡಿದಳು, ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಮಿಂಚೊನ ಕಡೆ ನಿಧಾನವಾಗಿ ತಿರುಗಿದಳು.

"ಮರ ಲೆಕ್ಕ ಚುಕ್ತಾ ಮಾಡ್ಕೊಳ್ತು ನೋಡು."

"ಅಜ್ಜೀ, ಹಾಗೆಲ್ಲ..."

"ಹಾಗೇ ಕಣೋ. ನಿನ್ನ ಜೀವ ತಗೋಬೇಕಿತ್ತು. ಅವನು ಬಂದು ಗೀಟು ಹಾಕ್ದ, ನೀನು ಮೇಲಿಂದ ಶಾಪ ಹಾಕ್ದೆ. ಮರಕ್ಕೆ ಇನ್ನೇನು ಬೇಕು? ನೀನು ಬಚಾವು, ಅವನು ಹೋದ."

ಮಿಂಚೊ ಬಾಗಿಲ ಚೌಕಟ್ಟು ಹಿಡಿದುಕೊಂಡ. ನಲವತ್ತು ವರ್ಷ ದಾರ ಹಿಡಿದು ಸಾವನ್ನು ಅಳೆದವನಿಗೆ ಬೇರೆಯವರ ಸಾವು ತನ್ನ ಅಳತೆಗೆ ಬಂದು ಕೂತದ್ದು ಇದೇ ಮೊದಲು.

ಅಷ್ಟರಲ್ಲಿ ರಾಂಗೆಲ್ ಬಂದ. ಚೀಟಿ ನೋಡಿ ಟೋಪಿ ತೆಗೆದ.

"ಎಂಥಾ ಮನುಷ್ಯ ಅಣ್ಣಾ! ನನ್ನ ಟ್ಯಾಕ್ಸೀಲಿ ಒಂದ್ಸಲ ಕೂತಿದ್ರು."

"ಯಾವಾಗ?" ಎಂದಳು ಅಜ್ಜಿ.

"ಕೂತಿದ್ರು ಅಂದ್ನಲ್ಲ. ಅವರೇ ಇರ್ಬೇಕು. ಹಿಂದೆ ಕೂತು ಒಂದು ಮಾತು ಆಡ್ಲಿಲ್ಲ. ಅಷ್ಟು ಒಳ್ಳೆಯವರು."

ನಮ್ಮ ಜನರ ಗುಣವೇ ಹಾಗೆ. ಬದುಕಿದ್ದಾಗ ಗ್ರುದೆವ್ ಅವರ ಬಗ್ಗೆ ಮೂರನೆಯ ಬಾಗಿಲಿನಲ್ಲಿ ಯಾರಿಗೂ ಯಾವ ಅಭಿಪ್ರಾಯವೂ ಇರಲಿಲ್ಲ. ಸತ್ತರೆಂದು ತಿಳಿದ ಅರ್ಧ ದಿನದಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಬಂತು, ಅಷ್ಟೂ ಒಳ್ಳೆಯವು. ಎರಡನೆಯ ಮಹಡಿಯವರಿಗೆ ಅವರ ಮೀಸೆ ತಮ್ಮ ತಂದೆಯ ಮೀಸೆಯಂತೆ ಕಂಡಿತು. ಏಳನೆಯ ಮಹಡಿಯ ನರ್ಸು, ಅವರ ಕಣ್ಣಿನಲ್ಲೇ ಕಾಯಿಲೆ ಕಾಣುತ್ತಿತ್ತೆಂದಳು. ನೇದಾ ಅಜ್ಜಿ ಚಿಕಿತ್ಸಾಲಯದ ಸಾಲಿನಲ್ಲಿ, ಚರ್ಚಿನ ಬೆಂಚಿನಲ್ಲಿ, ಮೆಣಸಿನ ಸಂತೆಯಲ್ಲಿ ಸುದ್ದಿ ಹಂಚಿದಳು. ಸಂತೆಯಲ್ಲಿ ಮೆಣಸು ತೂಗುವವನು ಅದನ್ನು ತೂಕದ ಜೊತೆಗೆ ಸೇರಿಸಿ ಕೊಟ್ಟ. ಶುಕ್ರವಾರದ ಹೊತ್ತಿಗೆ ಟ್ರಾಮ್ ಹಳಿಯ ಎರಡೂ ಕಡೆಯ ಬ್ಲಾಕುಗಳಲ್ಲಿ ಇಂಜಿನಿಯರ್ ಗ್ರುದೆವ್ ಅವರಷ್ಟು ಸಜ್ಜನ ಬೇರೊಬ್ಬರಿರಲಿಲ್ಲ.

ಅದೇ ಶುಕ್ರವಾರ ಸಮೀಕ್ಷೆಯ ಹೆಂಗಸು ಬಂದಳು. ಹೆಸರು ಲಿಲ್ಯಾನಾ. ಹಿಂದೆ ಭೂಗೋಳದ ಪಾಠ ಹೇಳುತ್ತಿದ್ದವಳು, ಈಗ ಒಂದು ಸಮೀಕ್ಷೆ ಕಂಪನಿಗಾಗಿ ಊರು ಸುತ್ತಿ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿಕೊಂಡಿದ್ದಳು. ಈ ಬಾಗಿಲಿನಲ್ಲಿ ಎಂಟು ಮಂದಿಯನ್ನು ಕೇಳಬೇಕೆಂದು ಅವಳ ಪಟ್ಟಿ ಹೇಳುತ್ತಿತ್ತು. ಉತ್ತರ ಕೊಟ್ಟವರ ಜೊತೆ ಚರ್ಚೆ ಮಾಡಬಾರದು, ತಿದ್ದಬಾರದು, ಕೇಳಿದ್ದಷ್ಟನ್ನು ಗುರುತು ಹಾಕಬೇಕು. ಅದು ಕಂಪನಿಯ ಕಟ್ಟಪ್ಪಣೆ.

ಮಿಂಚೊ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿದ. ಜನಾಭಿಪ್ರಾಯ ಕೇಳಲು ಸರಕಾರವೇ ತನ್ನ ಮನೆಗೆ ಬಂದಂತೆ ಅವನಿಗೆ ಅನಿಸಿ, ಇನ್ನು ಏಳು ಮಂದಿಯನ್ನು ತಾನೇ ಹೋಗಿ ಕರೆತಂದ. ಸ್ಟೊಯ್ಕಾ ಎಲ್ಲರಿಗೂ ಸುಟ್ಟ ಮೆಣಸು, ಬಿಳಿ ಚೀಸು ಇಟ್ಟಳು.

"ನಾಳೆಯೇ ಚುನಾವಣೆ ನಡೆದರೆ ಯಾರಿಗೆ ವೋಟು ಹಾಕ್ತೀರಿ?" ಲಿಲ್ಯಾನಾ ಓದಿದಳು.

"ಇಂಜಿನಿಯರ್ ಗ್ರುದೆವ್," ಎಂದ ಮಿಂಚೊ, ತಲೆ ತಗ್ಗಿಸಿ. "ಈಗ ಬೇರೆಯವರ ಹೆಸರು ಹೇಳಿದ್ರೆ ನನ್ನ ನಾಲಿಗೆ ಬಿದ್ದುಹೋಗುತ್ತೆ."

ಲಿಲ್ಯಾನಾ ತಲೆ ಎತ್ತಿ ನೋಡಿದಳು. ಮೂರು ವಾರದಲ್ಲಿ ಆ ಹೆಸರನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. "ಕಾರಣ?"

ನೇದಾ ಅಜ್ಜಿ ಮೆಣಸು ನುಂಗಿ ಮುಂದೆ ಬಂದಳು. "ನಾನು ಹೇಳ್ತೀನಿ ಬರ್ಕೋ ಮಗಳೇ. ಹತ್ತೊಂಬತ್ತು ಜನದಲ್ಲಿ ಕದಿಯೋಕೆ ಆಗದೇ ಇರೋನು ಅವನೊಬ್ಬನೇ."

ಲಿಲ್ಯಾನಾ ಕಾರಣಗಳ ಪಟ್ಟಿಯಲ್ಲಿ ಹುಡುಕಿದಳು. "ಪ್ರಾಮಾಣಿಕ" ಎಂಬಲ್ಲಿ ಗುರುತು ಹಾಕಿದಳು.

"ಅವರು ಯಾರನ್ನೂ ಬೈಯಲ್ಲ ಈಗ," ಎಂದ ರಾಂಗೆಲ್. "ಬೇರೆಯವ್ರು ಟೀವೀಲಿ ನಾಯಿ ಕಚ್ಚಾಡಿದ ಹಾಗೆ ಕಚ್ಚಾಡ್ತಾರೆ. ಇವರು ತಣ್ಣಗಿದಾರೆ."

"ಸಂಯಮ" ಎಂಬಲ್ಲಿ ಗುರುತು ಬಿತ್ತು.

"ಇನ್ನು ಪಕ್ಷ ಬದಲಾಯಿಸೋ ಚಿಂತೆಯೂ ಇಲ್ಲ," ಎಂದಳು ನರ್ಸು.

"ಸ್ಥಿರ ನಿಲುವು."

"ಅಲ್ಲ ಮಿಂಚಣ್ಣ," ರಾಂಗೆಲ್ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ, "ಸತ್ತವರಿಗೆ ವೋಟು ಹಾಕೋಕೆ ಬರುತ್ತಾ?"

"ಸತ್ತವರು ವೋಟು ಹಾಕ್ತಾರೆ ಅಂತ ಪ್ರತಿ ಸಲ ಕೇಳ್ತೀವಿ. ಸತ್ತವರಿಗೆ ಹಾಕಿದ್ರೆ ಏನು ತಪ್ಪು?" ಎಂದ ಮಿಂಚೊ ಅಷ್ಟೇ ಮೆಲ್ಲಗೆ.

ಕೊನೆಯ ಪ್ರಶ್ನೆ: ಈ ಚುನಾವಣೆಯಲ್ಲಿ ನಿಮಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಯಾವುದು? ಮಿಂಚೊ ಕಿಟಕಿಯಾಚೆ ನೋಡಿದ. ಮರದ ಮೇಲೆ ಸೀಮೆಸುಣ್ಣದ ಗೀಟು ಹಾಗೇ ಇತ್ತು. ಗ್ರುದೆವ್ ಹೋದರೂ ಗೀಟು ಹೋಗಿರಲಿಲ್ಲ. ಮೂವತ್ತೆರಡು ಕಾರಿನ ಕನಸು ರಾಂಗೆಲ್‌ನ ತಲೆಯಲ್ಲಿ ಬದುಕಿಯೇ ಇತ್ತು. ನಾಳೆ ಇನ್ನೊಬ್ಬ ಮೇಯರ್ ಬಂದು, ಸತ್ತ ಮಹನೀಯರ ಕನಸು ನೆರವೇರಿಸುತ್ತೇನೆಂದು ಕೊಡಲಿ ತರಿಸಿದರೆ? ಮಿಂಚೊನ ಬಾಯಿಂದ ಅವನಿಗೇ ಗೊತ್ತಿಲ್ಲದ ಸುಳ್ಳೊಂದು ಹೊರಟಿತು.

"ಅಕ್ರೋಟದ ಮರ. ಅದನ್ನ ಯಾರೂ ಮುಟ್ಬಾರದು ಅಂತ ಇಂಜಿನಿಯರ್ರು ನನಗೇ ಹೇಳಿದ್ರು. ಗೀಟು ಹಾಕಿದ್ದು ಅದಕ್ಕೇ. ಗುರುತಿಗೆ."

ಎಲ್ಲರೂ ಅವನನ್ನೇ ನೋಡಿದರು. ಎರಡು ವಾರದ ಹಿಂದೆ ಅಳತೆಪಟ್ಟಿ ಹಿಡಿದದ್ದನ್ನು ಕಂಡವರೇ ಎಲ್ಲರೂ. ಆದರೆ ಸತ್ತವರ ಮಾತಿಗೆ ಎದುರಾಡುವವರು ಯಾರು? ನೇದಾ ಅಜ್ಜಿ ನಿಟ್ಟುಸಿರು ಬಿಟ್ಟಳು: "ಹೌದು ಪಾಪ. ಹಸಿರು ಅಂದ್ರೆ ಪ್ರಾಣ." ಲಿಲ್ಯಾನಾ "ಪರಿಸರ" ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ "ಅಕ್ರೋಟ" ಎಂದು ಬರೆದು, ಎರಡು ಮೆಣಸು ಹೆಚ್ಚಿಗೆ ತಿಂದು ಹೊರಟಳು.

ಸೋಮವಾರ ಸಂಜೆ ಟೀವಿಯಲ್ಲಿ ಸಮೀಕ್ಷೆ ಹೇಳಿದರು. ಗ್ರುದೆವ್ ಒಂದರಿಂದ ಒಂಬತ್ತಕ್ಕೆ ಏರಿದ್ದರು. ಟೈ ಕಟ್ಟಿದ ಮೂವರು ಪಂಡಿತರು ಮೇಜಿನ ಸುತ್ತ ಕೂತು ಇದನ್ನು ವಿವರಿಸಿದರು. ಮತದಾರ ಗದ್ದಲಕ್ಕೆ ಬೇಸತ್ತಿದ್ದಾನೆ ಎಂದರು ಒಬ್ಬರು. ಇದು ಮೌನದ ಅಲೆ ಎಂದರು ಇನ್ನೊಬ್ಬರು. ಅಕ್ರೋಟ ಎಂಬುದು ಬೇರಿಗೆ ಮರಳುವ ಹಂಬಲದ ಸಂಕೇತ ಎಂದರು ಮೂರನೆಯವರು, ಅವರು ಪ್ರೊಫೆಸರ್. ಕೊನೆಗೆ ವಾರ್ತೆ ಓದುವವಳು ಹೇಳಿದಳು: "ಪ್ರತಿಕ್ರಿಯೆಗಾಗಿ ಗ್ರುದೆವ್ ಅವರನ್ನು ಸಂಪರ್ಕಿಸಲು ಪ್ರಯತ್ನಿಸಿದೆವು. ಅವರು ಸಿಗಲಿಲ್ಲ."

"ಎಲ್ಲಿಂದ ಸಿಗ್ತಾನೆ ಪಾಪ," ಎಂದಳು ನೇದಾ ಅಜ್ಜಿ, ಕಣ್ಣೊರೆಸಿಕೊಂಡು.

ಗ್ರುದೆವ್ ಆ ಹೊತ್ತಿನಲ್ಲಿ ತಮ್ಮ ಹಳ್ಳಿಯಲ್ಲಿದ್ದರು. ಊರಿನ ಭಟ್ಟಿಯಲ್ಲಿ ದ್ರಾಕ್ಷಿಯ ಸಾರಾಯಿ ಇಳಿಸಲು ಅವರ ಸರದಿ ಬಂದಿತ್ತು. ಮೇಯರ್ ಸ್ಥಾನ ನಾಲ್ಕು ವರ್ಷಕ್ಕೆ ಮತ್ತೆ ಬರುತ್ತದೆ. ಭಟ್ಟಿಯ ಸರದಿ ತಪ್ಪಿದರೆ ಆ ವರ್ಷದ ದ್ರಾಕ್ಷಿ ಹಂದಿಗೆ. ನೂರಕ್ಕೆ ಒಂದು ಇರುವ ಯಾವ ಮನುಷ್ಯನೂ ಇದರಲ್ಲಿ ತಪ್ಪು ಲೆಕ್ಕ ಹಾಕಲಾರ. ಆ ಕಣಿವೆಯಲ್ಲಿ ಫೋನು ಸಿಗುವುದಿಲ್ಲ. ಮಂಗಳವಾರ ಬೆಳಿಗ್ಗೆ ಅವರ ಪಕ್ಷದ ಕಾರ್ಯದರ್ಶಿ ಕಾರಿನಲ್ಲಿ ಹೋಗಿ ಅವರನ್ನು ಭಟ್ಟಿಯ ಮುಂದಿನಿಂದ ಎಬ್ಬಿಸಿ, ಸಮೀಕ್ಷೆಯ ಕಾಗದ ಕೈಗೆ ಕೊಟ್ಟ.

"ಅಕ್ರೋಟವಾ? ಯಾವ ಅಕ್ರೋಟ?" ಎಂದು ಅವರು ದಾರಿಯುದ್ದಕ್ಕೂ ಕೇಳಿದರಂತೆ.

ಚೀಟಿ ಬಿದ್ದ ಮಂಗಳವಾರದಿಂದ ಮುಂದಿನ ಬುಧವಾರಕ್ಕೆ ಒಂಬತ್ತನೆಯ ದಿನ, ಸತ್ತವರ ಹೆಸರಿನಲ್ಲಿ ಬೇಯಿಸಿದ ಗೋಧಿ ಹಂಚಿ ಶಾಂತಿ ಕೋರುವ ದಿನ. ಶಾಪ ಹಾಕಿದ ಬಾಯಿಯಲ್ಲೇ ಶಾಂತಿ ಬೇಡದೆ ಮಿಂಚೊನಿಗೆ ನಿದ್ದೆ ಬರುವಂತಿರಲಿಲ್ಲ. ಸ್ಟೊಯ್ಕಾ ಗೋಧಿ ಬೇಯಿಸಿದಳು, ಮೇಲೆ ಸಕ್ಕರೆಪುಡಿ ಹರಡಿದಳು, ಅದೇ ಮರದ ಅಕ್ರೋಟದ ತಿರುಳಿನಿಂದ ಶಿಲುಬೆ ಬರೆದಳು. ಮರದ ಬುಡದಲ್ಲಿ ಮೇಜು ಹಾಕಿ, ಬಾಗಿಲಿನ ಚೀಟಿಯನ್ನು ರಿಬ್ಬನ್ನು ಸಮೇತ ಬಿಡಿಸಿ ತಂದು ಕಾಂಡಕ್ಕೆ ಒರಗಿಸಿದರು. ಮೇಣದ ಬತ್ತಿ ಹಚ್ಚಿದರು. ಮೂರನೆಯ ಬಾಗಿಲಿನವರಲ್ಲದೆ ಒಂದು, ಎರಡು, ನಾಲ್ಕನೆಯ ಬಾಗಿಲಿನವರೂ ಬಂದರು. ಇಷ್ಟು ಜನ ಐದನೆಯ ಮಹಡಿಯ ಕ್ಷೌರಿಕನಿಗೂ ಬಂದಿರಲಿಲ್ಲ.

ಮಿಂಚೊ ಮದುವೆಯ ಕೋಟು ತೊಟ್ಟು ನಿಂತ. ಮೇಲಿನ ಮೂರು ಗುಂಡಿ ಮಾತ್ರ ಕೂಡುತ್ತಿದ್ದವು.

"ಬಂಧುಗಳೇ," ಎಂದ. "ಹೋದವರು ನನ್ನ ಕೈ ಹಿಡ್ಕೊಂಡು ಹೇಳಿದ್ರು: ಮಿಂಚೊ, ನಾನು ಇದ್ರೂ ಇಲ್ದಿದ್ರೂ ಈ ಮರ ಇರ್ಬೇಕು. ಇದು ಅವರ ಕೊನೇ ಆಸೆ. ಇದನ್ನ ಕಡಿಯೋಕೆ ಬಂದವನು ಅವರ ಸಮಾಧಿ ಅಗೆದ ಹಾಗೆ. ರಾಂಗೆಲ್, ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ ಅಣ್ಣಾ." ರಾಂಗೆಲ್ ಮೂಗು ಸೀಟಿಕೊಂಡ. "ಟ್ಯಾಕ್ಸಿ ಬೇಕಾದ್ರೆ ತಲೆ ಮೇಲೆ ನಿಲ್ಲಿಸ್ಕೋತೀನಿ."

"ದೇವರು ಅವರನ್ನ ಕ್ಷಮಿಸಲಿ," ಎಂದು ಮಿಂಚೊ ಒಂದಿಷ್ಟು ವೈನು ನೆಲಕ್ಕೆ ಸುರಿದ.

"ಕ್ಷಮಿಸಲಿ," ಎಂದರು ಎಲ್ಲರೂ.

"ಕ್ಷಮಿಸಲಿ," ಎಂದಿತು ಹಿಂದಿನಿಂದ ಒಂದು ದಪ್ಪ ದನಿ. ಅಂಥ ಜಾಗಕ್ಕೆ ಬಂದವರು ರೂಢಿಯಂತೆ ಹೇಳುವ ಮಾತು ಅದು. ಹೇಳಿದವರಿಗೆ ಮೀಸೆ ಇತ್ತು. ಅವರ ಎಡಕ್ಕೆ ಪಕ್ಷದ ಕಾರ್ಯದರ್ಶಿ, ಬಲಕ್ಕೆ ಪತ್ರಿಕೆಯ ಫೋಟೊ ತೆಗೆಯುವವನು. ಮತದಾರರಿಗೆ ಕೈಮುಗಿದು ಹೋಗೋಣವೆಂದು ಬಂದಿದ್ದರು.

ಏಳನೆಯ ಮಹಡಿಯ ನರ್ಸಿನ ಕೈಯಿಂದ ತಟ್ಟೆ ಬಿತ್ತು. ರಾಂಗೆಲ್ ಮರದ ಹಿಂದೆ ಸರಿದ. ಮೊದಲ ಬಾಗಿಲಿನ ಒಬ್ಬ ಮುದುಕ ಮಾತ್ರ, ಕಣ್ಣು ಮಂಜಾದವನು, ಬಂದವರ ಕೈ ಕುಲುಕಿ, "ನಿಮ್ಮ ಅಣ್ಣನೋ? ತುಂಬಾ ಹೋಲ್ತೀರಿ. ಧೈರ್ಯ ತಂದ್ಕೊಳ್ಳಿ," ಎಂದ.

ಗ್ರುದೆವ್ ಗೌರವದಿಂದ ಟೋಪಿ ತೆಗೆದು ಸುತ್ತ ನೋಡಿದರು. "ಬೇಜಾರು ಮಾಡ್ಕೋಬೇಡಿ, ಹೊತ್ತಲ್ಲದ ಹೊತ್ತಲ್ಲಿ ಬಂದ್ವಿ. ತೀರ್ಕೊಂಡವರು ಯಾರು?"

ನೇದಾ ಅಜ್ಜಿ, ಎಂಬತ್ತಮೂರು ವರ್ಷದಲ್ಲಿ ಯಾರಿಗೂ ಹೆದರದವಳು, ಕೋಲು ಎತ್ತಿ ತೋರಿಸಿದಳು.

"ನೀನೇ ಕಣೋ! ಒಂಬತ್ತು ದಿನ ಆಯ್ತು! ಇಷ್ಟು ಜನ ಅತ್ತಿದೀವಿ, ಗೋಧಿ ಬೇಯಿಸಿದೀವಿ, ಈಗ ಬಂದು ಯಾರು ಅಂತ ಕೇಳ್ತೀಯಾ?"

ಸ್ಟೊಯ್ಕಾ ಗಂಡನ ಜೇಬಿಗೆ ಕೈಹಾಕಿ ಕನ್ನಡಕ ತೆಗೆದಳು, ಏಪ್ರನ್ನಿನಲ್ಲಿ ತಿಕ್ಕಿ ತಿಕ್ಕಿ ಒರೆಸಿದಳು, ಅವನ ಮೂಗಿನ ಮೇಲೆ ಕೂರಿಸಿದಳು. ಆಮೇಲೆ ಚೀಟಿಯ ರಿಬ್ಬನ್ನು ಎತ್ತಿ ಹಿಡಿದಳು. "ಓದು."

ಮಿಂಚೊ ಓದಿದ. ಮನಸ್ಸಿನಲ್ಲೇ ಓದಿಕೊಳ್ಳಬೇಕೆಂದಿದ್ದ, ಅಭ್ಯಾಸಬಲದಿಂದ ದನಿ ಹೊರಗೆ ಬಂತು. "ಮೇಯರ್ ಸ್ಥಾನಕ್ಕೆ ನಿಮ್ಮ ಅಭ್ಯರ್ಥಿ. ಚುನಾವಣೆಯ ದಿನ ಮರೆಯದೆ ಬನ್ನಿ."

ಮೇಲಿನಿಂದ ಒಂದು ಅಕ್ರೋಟ ಗೋಧಿಯ ತಟ್ಟೆಗೆ ಉದುರಿತು. ಗ್ರುದೆವ್ ಅದನ್ನು ಕಣ್ಣಾರೆ ನೋಡಿದರು. ಮಿಂಚೊನ ಶಾಪ ಅಲ್ಲಿಗೆ ಮುಗಿಯಿತು. ಅವನ ಎದೆಯಿಂದ ಒಂದು ಭಾರ ಇಳಿಯಿತು, ಆ ಜಾಗಕ್ಕೆ ಕೂಡಲೇ ಇನ್ನೊಂದು ಬಂದು ಕೂತಿತು: ಬದುಕಿದ್ದಾರೆ ಅಂದರೆ ಮರ ಹೋಯಿತು.

ಗ್ರುದೆವ್ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. "ಇದು ಅವಮಾನ! ಬದುಕಿರೋ ಮನುಷ್ಯನಿಗೆ ಮೇಣದಬತ್ತಿ! ನಾನು ಪೊಲೀಸರಿಗೆ... ಈ ಮರ ನಾಳೆನೇ..."

ಕಾರ್ಯದರ್ಶಿ ಅವರ ತೋಳು ಹಿಡಿದು ಕಿವಿಯಲ್ಲಿ ಏನೋ ಹೇಳಿದ. ಹತ್ತಿರವಿದ್ದವರಿಗೆ "ಒಂಬತ್ತು" ಎಂಬುದು ಕೇಳಿಸಿತು, "ಅಕ್ರೋಟ" ಎಂಬುದು ಎರಡು ಸಲ ಕೇಳಿಸಿತು. ಗ್ರುದೆವ್ ಬಾಯಿ ಮುಚ್ಚಿದರು. ಮರವನ್ನು ಬುಡದಿಂದ ತುದಿಯವರೆಗೆ, ನಿಧಾನವಾಗಿ, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ನೋಡಿದರು. ಇಂಜಿನಿಯರ್ ಆಗಿ ಬಂದವರು ನಮ್ಮ ಕಣ್ಣೆದುರೇ ಜನನಾಯಕರಾದರು. ಜೇಬಿನಿಂದ ಕರವಸ್ತ್ರ ತೆಗೆದು ಸೀಮೆಸುಣ್ಣದ ಗೀಟನ್ನು ಉಜ್ಜಿ ಒರೆಸಿದರು. ತಟ್ಟೆಯಿಂದ ಒಂದು ಚಮಚ ಗೋಧಿ ತೆಗೆದು ತಮ್ಮದೇ ಶ್ರಾದ್ಧದ ಊಟವನ್ನು ಬಾಯಿಗೆ ಹಾಕಿಕೊಂಡು ಅಗಿದರು.

"ಸಕ್ಕರೆ ಹದವಾಗಿದೆ," ಎಂದರು.

ಫೋಟೊ ತೆಗೆಯುವವನು ಒಂದೇ ಸಮನೆ ಗುಂಡಿ ಒತ್ತಿದ.

"ಈ ಮರವನ್ನ ಯಾರೂ ಮುಟ್ಟೋ ಹಾಗಿಲ್ಲ," ಎಂದು ಗ್ರುದೆವ್ ದನಿ ಏರಿಸಿದರು. "ನಾನು ಮೊದಲಿಂದಲೂ ಹೇಳ್ತಾ ಬಂದಿದೀನಿ."

"ನನಗೂ ಹೇಳಿದ್ರು," ಎಂದ ಮಿಂಚೊ, ತಟ್ಟನೆ. "ಕೈ ಹಿಡ್ಕೊಂಡು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಂದೇ ಸುಳ್ಳನ್ನು ಹಂಚಿಕೊಂಡವರ ನಡುವೆ ಹುಟ್ಟುವ ಗೌರವ ಆ ನೋಟದಲ್ಲಿತ್ತು.

ಮರುದಿನದ ಪತ್ರಿಕೆಗಳಲ್ಲಿ ಮೀಸೆಗೆ ಸಕ್ಕರೆಪುಡಿ ಮೆತ್ತಿದ ಆ ಮುಖ ಬಂತು. ಸ್ವಂತ ಶ್ರಾದ್ಧ ಉಂಡ ಮನುಷ್ಯನನ್ನು ನೋಡಲು ಇಡೀ ಶಹರ ಟೀವಿ ಹಾಕಿತು. ಮುಂಚೂಣಿಯ ಇಬ್ಬರು ಒಬ್ಬರ ಮೇಲೊಬ್ಬರು ಕೆಸರೆರಚಿಕೊಂಡು, ಮೊದಲ ಇಬ್ಬರಷ್ಟೇ ಎದುರುಬದುರಾಗುವ ಎರಡನೆಯ ಸುತ್ತಿನ ಮತದಾನಕ್ಕೆ ಅವರಲ್ಲಿ ಒಬ್ಬನೇ ತಲುಪಿದ. ಅವನೆದುರು ನಿಂತವರು ಗ್ರುದೆವ್.

ಮೂರನೆಯ ಬಾಗಿಲಿನಲ್ಲಿ ಮಾತ್ರ ಉತ್ಸಾಹ ಇಳಿದಿತ್ತು.

"ಸತ್ತಾಗ ಎಷ್ಟು ಒಳ್ಳೆಯವನಾಗಿದ್ದ," ಎಂದಳು ನೇದಾ ಅಜ್ಜಿ ಮತಗಟ್ಟೆಯ ಸಾಲಿನಲ್ಲಿ. "ಈಗ ಮತ್ತೆ ಕದಿಯೋಕೆ ಬರುತ್ತೆ ಅವನಿಗೆ."

"ಹಾಗಾದ್ರೆ ಹಾಕಲ್ವಾ ಅಜ್ಜಿ?" ಎಂದ ಮಿಂಚೊ, ಗಾಬರಿಯಿಂದ.

"ಹಾಕದೇ ಏನು ಮಾಡ್ಲಿ? ಅವನ ಗೋಧಿ ಉಂಡಿದೀನಿ."

ಇಪ್ಪತ್ತನಾಲ್ಕು ಮನೆಯವರೂ ಅದನ್ನೇ ಮಾಡಿದರು. ಶಹರದ ಉಳಿದವರು ಯಾಕೆ ಹಾಕಿದರೋ, ಅದನ್ನು ಆ ಮೂವರು ಪಂಡಿತರು ಇನ್ನೂ ವಿವರಿಸುತ್ತಿದ್ದಾರೆ. ಗ್ರುದೆವ್ ಗೆದ್ದರು. ರಾಂಗೆಲ್ ಈಗ ಟ್ಯಾಕ್ಸಿ ನಿಲ್ಲಿಸಲು ನಾಲ್ಕು ಸುತ್ತು ಹೊಡೆಯುತ್ತಾನೆ, ಮಿಂಚೊನನ್ನು ಕಂಡರೆ ಹಾರನ್ನು ಒತ್ತುತ್ತಾನೆ. ನಮಸ್ಕಾರಕ್ಕೆ ಒತ್ತುವುದಲ್ಲ.

ಮಾರ್ಚಿನಲ್ಲಿ ಮಿಂಚೊ ದಾರ ಹಿಡಿದು ಮರದ ಬಳಿ ಹೋದಾಗ ಬುಡಕ್ಕೆ ಹೊಸದಾಗಿ ಸುಣ್ಣ ಬಳಿದಿದ್ದರು. ಎದೆಯೆತ್ತರಕ್ಕೆ ಒಂದು ಫಲಕವನ್ನೂ ಕಟ್ಟಿದ್ದರು. ಗ್ರುದೆವ್ ಹಳೆಯ ಗುರುತು ಮರೆಯುವವರಲ್ಲ, ಅದನ್ನು ಮಾಡಿಸಿದ್ದೂ ಆಸ್ಪತ್ರೆ ಎದುರಿನ ಅಂಗಡಿಯಲ್ಲೇ. ಕಪ್ಪು ಅಂಚು, ನಡುವೆ ಫೋಟೊ, ಕೆಳಗೆ ನಾಲ್ಕು ಸಾಲು.

ಬೇರೆ ಬ್ಲಾಕಿನ ಒಬ್ಬ ಮುದುಕಿ ಸಂತೆಯ ಚೀಲ ಹೊತ್ತು ಬರುತ್ತಿದ್ದವಳು ಫಲಕದ ಮುಂದೆ ನಿಂತಳು. ಚೀಲ ಕೆಳಗಿಟ್ಟು ಶಿಲುಬೆಯ ಗುರುತು ಹಾಕಿಕೊಂಡಳು.

"ಅಯ್ಯೋ ಪಾಪ. ಯಾವಾಗ ಹೋದ್ರಣ್ಣಾ?"

ಮಿಂಚೊ ಉತ್ತರ ಕೊಡುವ ಅವಸರ ಮಾಡಲಿಲ್ಲ. ಕನ್ನಡಕ ತೆಗೆದ, ಉಸಿರು ಊದಿದ, ಅಂಗಿಯ ಚುಂಗಿನಿಂದ ಎರಡೂ ಗಾಜು ಒರೆಸಿದ, ಹಾಕಿಕೊಂಡು ನಾಲ್ಕೂ ಸಾಲನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿದ.

"ಹೋಗಿಲ್ಲಮ್ಮಾ," ಎಂದ. "ಹೋಗೋಕೆ ಇನ್ನೂ ಮೂರೂವರೆ ವರ್ಷ ಇದೆ."